ತಿಪ್ಪೆ ಇಲ್ಲದ ವರ್ಷ

ಇಪ್ಪತ್ತೆರಡು ವರ್ಷದ ಹುಡುಗನೊಬ್ಬ 'ಆಗಿನ ಕಾಲದಲ್ಲಿ' ಅಂತ ಬರೆಯೋಕೆ ಕೂತರೆ ಹಿರಿಯರಿಗೆ ನಗು ಬರುತ್ತೆ. ನಗಲಿ. ನನ್ನ ವಾದ ಇಷ್ಟೇ: ಈವತ್ತು ಜಯನಗರದಲ್ಲಿ ಬಸ್ಸು ತಿರುಗೋ ಜಾಗದಲ್ಲಿ ನಾನು ಕವಣೆ ಹಿಡಿದು ರಾಗಿ ತೆನೆಯ ಮೇಲಿನ ಗುಬ್ಬಿ ಓಡಿಸಿದ್ದೇನೆ. ಅದಾಗಿ ಹದಿನೈದು ವರ್ಷವೂ ತುಂಬಿಲ್ಲ. ಬೇರೆ ಊರಿನವರಿಗೆ ಒಂದು ಜನ್ಮ ಹಿಡಿಯೋ ಬದಲಾವಣೆ ನಮ್ಮ ಯಡಿಯೂರಿನ ಬೀದಿಗೆ ನಾಲ್ಕೈದು ವರ್ಷದಲ್ಲಿ ಆಗಿಹೋಯಿತು. ಹಾಗಾಗಿ ಆ ಮಾತು ಆಡೋ ಹಕ್ಕು ನನಗೂ ಇದೆ.

ಒಂದು ಷರತ್ತು. 'ಆಗ ಎಲ್ಲಾ ಎಷ್ಟು ಚೆನ್ನಾಗಿತ್ತು' ಅನ್ನೋ ಪಕ್ಷಕ್ಕೆ ನನ್ನನ್ನು ಸೇರಿಸಬೇಡಿ. ಕೆರೆ ಏರಿಯ ಗಾಳಿ ಚೆನ್ನಾಗಿತ್ತು, ಒಪ್ಪಿದೆ. ಸೊಗಡು ಅವರೆಕಾಯಿ ಚೆನ್ನಾಗಿತ್ತು, ಅದನ್ನೂ ಒಪ್ಪಿದೆ. ಆದರೆ ನಮ್ಮ ಬೀದಿಗೆ ಹೊಸ ಹೆಂಗಸು ಯಾರಾದರೂ ಬಂದರೆ ಅವಳಿಗೆ ಎರಡು ಪ್ರಶ್ನೆ ಕೇಳೋ ಪದ್ಧತಿ ಇತ್ತು. ಮೊದಲನೇದು, "ಎಷ್ಟು ಮಕ್ಕಳವ್ವಾ?" ಅವಳು ಹೇಳಿದ ಮೇಲೆ ಎರಡನೇದು, "ಉಳ್ದಿರೋದು ಎಷ್ಟು?" ಈ ಎರಡನೇ ಪ್ರಶ್ನೆಯನ್ನು ಯಾರೂ ದನಿ ತಗ್ಗಿಸಿ ಕೇಳುತ್ತಿರಲಿಲ್ಲ. ಮಳೆ ಬಂತಾ ಅಂತ ಕೇಳೋ ಹಾಗೆ ಕೇಳುತ್ತಿದ್ದರು. ಆ ಕಾಲವನ್ನು ಹೊಗಳೋರು ಈ ಪ್ರಶ್ನೆಗೆ ಉತ್ತರ ಕೊಟ್ಟು ಆಮೇಲೆ ಹೊಗಳಲಿ.

ನನ್ನ ಹೆಸರು ತಿಪ್ಪೇಶ. ಮನೆಯಲ್ಲಿ ತಿಪ್ಪ. ನಮ್ಮ ಬೀದಿಯಲ್ಲಿ ಇರೋವರೆಗೂ ಇದರಲ್ಲಿ ಏನೋ ವಿಶೇಷ ಇದೆ ಅಂತ ನನಗೆ ಅನ್ನಿಸಿರಲಿಲ್ಲ. ಅಕ್ಕಪಕ್ಕದಲ್ಲಿ ಕಲ್ಲಪ್ಪ ಇದ್ದ, ಹುಚ್ಚಯ್ಯ ಅಂತ ಒಬ್ಬ ಇದ್ದ, ಅವನಷ್ಟು ಬುದ್ಧಿವಂತ ಇನ್ನೊಬ್ಬ ಇರಲಿಲ್ಲ. ಬಸವನಗುಡಿ ಕಡೆಯ ಸ್ಕೂಲಿಗೆ ಸೇರಿಸಿದ ಮೊದಲ ದಿನ ಹಾಜರಿ ಕೂಗಿದಾಗ ಗೊತ್ತಾಯಿತು. ಮುಂದಿನ ಬೆಂಚಿನ ಸೀತಾರಾಮು ತಿರುಗಿ ನೋಡಿ, "ಲೋ, ನಿಮ್ಮಪ್ಪಂಗೆ ಬೇರೆ ಹೆಸ್ರು ಸಿಗ್ಲಿಲ್ವೇನೋ? ಬರ್ತಾ ಒಂದು ಬುಟ್ಟಿ ಗೊಬ್ಬರ ತಂದಿದ್ರೆ ನಮ್ಮ ಗುಲಾಬಿ ಗಿಡಕ್ಕೆ ಆಗ್ತಿತ್ತು," ಅಂದ. ಇಡೀ ಕ್ಲಾಸು ನಕ್ಕಿತು. ನಾನು ಅವನ ಕಿವಿ ಕಚ್ಚಿದೆ. ಇಬ್ಬರಿಗೂ ಏಟು ಬಿತ್ತು.

ನಮ್ಮ ಮೇಷ್ಟ್ರು ಒಳ್ಳೆಯವರು. ಶನಿವಾರ ಶನಿವಾರ ಚರ್ಚಾಕೂಟ ನಡೆಸುತ್ತಿದ್ದರು. ಹಳ್ಳಿ ಮೇಲೋ ಪಟ್ಟಣ ಮೇಲೋ, ಲೇಖನಿ ಮೇಲೋ ಖಡ್ಗ ಮೇಲೋ. ಕೆಲವು ತಿಂಗಳು ನನ್ನ ಜಗಳ ನೋಡಿದ ಮೇಲೆ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡಯ್ಯ, ಬಾಯಿ ಇರೋದು ಕಚ್ಚೋಕಲ್ಲ. ಎದುರು ಪಕ್ಷದ ಗಟ್ಟಿಯಾದ ಮಾತು ಯಾವುದೋ ಅದನ್ನೇ ಮೊದಲು ಎತ್ತಿಕೋ. ಅದು ಬಿದ್ದರೆ ಮಿಕ್ಕಿದ್ದೆಲ್ಲ ತಾನಾಗೇ ಬೀಳುತ್ತೆ. ಈಶ ಅಂದರೆ ಒಡೆಯ. ಸ್ಮಶಾನದಲ್ಲಿ ಕೂತರೂ ಶಿವ ಶಿವನೇ, ತಿಪ್ಪೆಯಲ್ಲಿ ಕೂತರೂ ಶಿವನೇ. ಚಿತ್ರದುರ್ಗದ ಕಡೆ ಹೋಗಿ ನೋಡು, ಆ ಹೆಸರಿಗೆ ಜನ ಕೈ ಮುಗೀತಾರೆ."

ಕೇಳೋಕೆ ಚೆನ್ನಾಗಿತ್ತು. ಆದರೆ ನಮ್ಮ ಮನೆಯಲ್ಲಿ ಚಿತ್ರದುರ್ಗ ಕಂಡವರೇ ಇರಲಿಲ್ಲ. ಹಾಗಾದರೆ ಹೆಸರು ಬಂದದ್ದು ಎಲ್ಲಿಂದ? ನಾನು ಅವತ್ತೇ ಸಾಕ್ಷಿ ವಿಚಾರಣೆಗೆ ಅಡುಗೆಮನೆಗೆ ಹೋದೆ.

ಅವರೆಕಾಯಿ ಕಾಲ. ಸಂಕ್ರಾಂತಿ ಇನ್ನೂ ಕಳೆದಿರಲಿಲ್ಲ. ಅವ್ವ ನೆನೆಹಾಕಿದ ಕಾಳನ್ನು ಹಿದುಕುತ್ತಾ ಒಲೆ ಮುಂದೆ ಕೂತಿದ್ದಳು. ಬೆರಳ ಸಂದಿಯಿಂದ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ಪಕ್ಕದ ಮನೆಯ ಪುಟ್ಟಕ್ಕನೂ ಇದ್ದಳು. ಗಂಡ ತೀರಿಹೋದ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಬಾಳುತ್ತಿದ್ದವಳು, ಬೀದಿಯ ಹೆರಿಗೆಗೆಲ್ಲಾ ಅವಳೇ ಕೈ. ದವಡೆಯಲ್ಲಿ ಸದಾ ಹೊಗೆಸೊಪ್ಪು. ನನ್ನನ್ನು ಕಂಡರೆ ಅವಳದ್ದು ಒಂದೇ ಮಾತು: "ಬಂದ್ಯಾ ನನ್ ತೌಡಿನ್ ಮಗ!" ಅದೇನೋ ಕೊಂಡಾಟದ ಮಾತು ಅಂದುಕೊಂಡಿದ್ದೆ.

"ಅವ್ವ, ನಂಗೆ ಈ ಹೆಸ್ರು ಯಾಕಿಟ್ಟೆ?"

"ಯಾಕ್ಲಾ ಮಗಾ, ಏನಾಗದೆ ಹೆಸ್ರಿಗೆ?"

"ಎಲ್ರೂ ನಗ್ತಾರೆ."

"ನಗ್ಲಿ ಬುಡು. ನಗ್ಲಿ ಅಂತಾನೇ ಇಟ್ಟಿದ್ದು," ಅಂದಳು ಪುಟ್ಟಕ್ಕ.

ಆವತ್ತು ಇಬ್ಬರೂ ಸೇರಿ, ಒಬ್ಬಳು ಬಿಟ್ಟಲ್ಲಿ ಇನ್ನೊಬ್ಬಳು ಹಿಡಿದು, ಹೇಳಿದರು. ನನಗಿಂತ ಮುಂಚೆ ಮೂರು ಗಂಡು ಹುಟ್ಟಿದ್ದವಂತೆ. ಮೊದಲನೆಯವನು ವೆಂಕಟೇಶ, ಎರಡನೆಯವನು ನಾರಾಯಣ, ಮೂರನೆಯವನಿಗೆ ಹೆಸರಿಡೋ ಹೊತ್ತೂ ಸಿಗಲಿಲ್ಲ. ನಾನು ಹುಟ್ಟಿ ಮೂರನೇ ದಿನ ಬೆಳಗಿನ ಜಾವ ನನ್ನನ್ನು ಹರಕು ಸೀರೆಯಲ್ಲಿ ಸುತ್ತಿ, ಮೊರದಲ್ಲಿಟ್ಟು, ಹಿತ್ತಲ ತಿಪ್ಪೆಯ ಮೇಲೆ ಇಟ್ಟುಬಂದರಂತೆ. ಸಗಣಿ, ಬೂದಿ, ಮುಸುರೆ, ಅದರ ಮೇಲೆ ನಾನು. ಪುಟ್ಟಕ್ಕ ಆ ಕಡೆಯಿಂದ ಏನೂ ಗೊತ್ತಿಲ್ಲದವಳ ಹಾಗೆ ಬಂದು, "ಅಯ್ಯೋ, ಯಾರೋ ಮಗ ಬಿಸಾಕವ್ರಲ್ಲಪ್ಪೋ!" ಅಂತ ಕೂಗಿ, ಎತ್ತಿಕೊಂಡು ನಮ್ಮ ಬಾಗಿಲಿಗೆ ತಂದು, "ತಿಪ್ಪೇಲಿ ಸಿಕ್ತು, ಬೇಕೇನವ್ವಾ?" ಅಂದಳಂತೆ. ಅವ್ವ ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡಳು. ಮುಗಿಯಿತು. ನಾನು ಅವಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ತಿಪ್ಪೆಯಲ್ಲಿ ಸಿಕ್ಕಿದವನು, ಎಮ್ಮೆಯ ಮೇವಿಗೆ ಬಂದವನು. ಇಂಥವನನ್ನು ಒಯ್ದು ಯಮ ಏನು ಮಾಡುತ್ತಾನೆ?

ನಾನು ಚರ್ಚಾಕೂಟದ ಹುಡುಗ. ಬಿಡಲಿಲ್ಲ.

"ಯಮಂಗೆ ಅಷ್ಟೂ ಗೊತ್ತಾಗಲ್ವಾ? ಪುಟ್ಟಕ್ಕ ನಾಟಕ ಆಡ್ತಾವ್ಳೆ ಅಂತ?"

"ಗೊತ್ತಾಗಿದ್ರೆ ನೀನು ಇಲ್ಲಿ ಕುಂತ್ಕೊಂಡು ಪ್ರಶ್ನೆ ಕೇಳ್ತಿದ್ದಾ?" ಅಂದಳು ಅವ್ವ. ಹಿದುಕಿದ ಬೇಳೆ ಒಂದು ಹಿಡಿ ನನ್ನ ಬಾಯಿಗೆ ತುರುಕಿದಳು.

ಆಮೇಲೆ ನಾನು ಬೀದಿಯ ಹೆಸರುಗಳನ್ನು ಬೇರೆ ಥರ ಕೇಳಿಸಿಕೊಳ್ಳೋಕೆ ಶುರುಮಾಡಿದೆ. ಕಲ್ಲಪ್ಪ ಅಂದರೆ ಸುಮ್ಮನೆ ಕಲ್ಲಲ್ಲ, ಅವನ ಹಿಂದೆ ಇಬ್ಬರು ಅಣ್ಣಂದಿರು ಮಣ್ಣಿಗೆ ಹೋಗಿದ್ದರು. ಹುಚ್ಚಯ್ಯನ ಹಿಂದೆ ಎಷ್ಟು ಅಂತ ಅವನಿಗೇ ಗೊತ್ತಿರಲಿಲ್ಲ. ಗಂಡುಮಗುವಿಗೆ ಬೈಗುಳದಂಥ ಹೆಸರಿದೆ ಅಂದರೆ ಆ ಮನೆಯವರು ಹೆದರಿದ್ದಾರೆ ಅಂತ ಅರ್ಥ. ಸೀತಾರಾಮುವಿಗೆ ಇದನ್ನು ಹೇಳಿದೆ. ಅವನು ಎರಡು ದಿನ ನನ್ನನ್ನು ರೇಗಿಸಲಿಲ್ಲ. ಮೂರನೇ ದಿನ ಮತ್ತೆ ಶುರು ಮಾಡಿದ.

ಅದೇ ವರ್ಷ ಅವ್ವ ಮತ್ತೆ ಬಸುರಿ. ಎಕ್ಸ್‌ಟೆನ್ಶನ್, ಅಂದರೆ ಜಯನಗರದ ಹೊಸ ಬಡಾವಣೆಯ ಕೆಲಸ, ನಮ್ಮ ಮನೆ ಹಿಂದಕ್ಕೆ ಬಂದದ್ದೂ ಅದೇ ವರ್ಷ. ಹೊಲ ಆಗಲೇ ಹೋಗಿತ್ತು. ಹೊಲ ಇಲ್ಲದ ಮೇಲೆ ಎತ್ತು ಯಾಕೆ ಅಂತ ಅಪ್ಪ ಎತ್ತನ್ನೂ ಮಾರಿದ. ಕೆಲಸದವರ ಸಿಮೆಂಟು ಗೋಡೌನಿಗೆ ಕಾವಲುಗಾರನಾಗಿ ಸೇರಿ, ಖಾಕಿ ಕೋಟು ಹಾಕಿಕೊಂಡು ಓಡಾಡತೊಡಗಿದ. ಆ ಬೇಸಿಗೆ ನಮಗೆ ಹುಡುಗರಿಗೆ ಹಬ್ಬ, ಸುಳ್ಳು ಹೇಳೋದಿಲ್ಲ. ಚರಂಡಿಗೆ ಅಂತ ತಂದು ಉರುಳಿಸಿದ್ದ ದೊಡ್ಡ ಸಿಮೆಂಟು ಕೊಳವೆಗಳ ಒಳಗೆ ತೆವಳಿಕೊಂಡು ಹೋಗಿ ನಮ್ಮ ನಮ್ಮ ಹೆಸರು ಕೂಗಿದರೆ ದೊಡ್ಡ ಗಂಡಸರ ದನಿ ತಿರುಗಿ ಬರುತ್ತಿತ್ತು. ಕುದಿಯೋ ಡಾಂಬರಿನ ವಾಸನೆಗೆ ಹೊಂಗೆ ಹೂವಿನ ವಾಸನೆ ಸೇರಿ ತಲೆ ತಿರುಗುತ್ತಿತ್ತು. ತಣ್ಣಗಾದ ಡಾಂಬರಿನ ಚೂರನ್ನು ಉಂಡೆ ಕಟ್ಟಿ ಗೋಲಿ ಆಡಿದ್ದೇವೆ. ಜಲ್ಲಿ ರಾಶಿಯ ಮೇಲಿಂದ ಜಾರಿ ಚಡ್ಡಿ ಹರಿದುಕೊಂಡಿದ್ದೇವೆ.

ಒಂದು ದಿನ ಲಾರಿಗಳು ಕೆಂಪು ಮಣ್ಣು ತಂದು ಸಾಲಾಗಿ ನಮ್ಮ ಹಿತ್ತಲ ತಿಪ್ಪೆಗುಂಡಿಗಳನ್ನೆಲ್ಲಾ ಮುಚ್ಚಿದವು. ನೊಣ ಆಗುತ್ತೆ, ಹೊಸ ಮನೆಯವರಿಗೆ ತೊಂದರೆ ಅಂತ ಕಾರಣ ಹೇಳಿದರು. ನಮ್ಮ ಬಾವಿಯನ್ನೂ ಮುಚ್ಚಿದರು, ಅದು ರಸ್ತೆಗೆ ಬರುತ್ತಿತ್ತು. ನಲ್ಲಿ ಕೊಡುತ್ತೇವೆ ಅಂದರು. ನಲ್ಲಿ ಬಂತು, ಎರಡು ವರ್ಷ ಆದ ಮೇಲೆ. ಅಲ್ಲಿಯವರೆಗೆ ಗೋಡೌನಿನ ಹತ್ತಿರ ಕಾಂಕ್ರೀಟು ಕಲೆಸೋಕೆ ಇಟ್ಟಿದ್ದ ತೊಟ್ಟಿಯ ನೀರೇ ಗತಿ. ತಿಪ್ಪೆ ಮುಚ್ಚಿದಾಗ ಯಾರೂ ಅಳಲಿಲ್ಲ, ಅವ್ವ ಒಬ್ಬಳು ಬಾಗಿಲಲ್ಲಿ ನಿಂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೋಡಿದಳು. ಆಗ ನನಗೆ ಅರ್ಥವಾಗಲಿಲ್ಲ.

ಮಳೆ ಹಿಡಿಯೋ ಮುಂಚೆ ತಮ್ಮ ಹುಟ್ಟಿದ. ದುಂಡಗೆ, ತಲೆ ತುಂಬಾ ಕೂದಲು. ಅಪ್ಪ ಖಾಕಿ ಕೋಟು ಬಿಚ್ಚದೇ ಬಂದು ನೋಡಿ, "ಪ್ರಕಾಶ," ಅಂದ. ಯಾರೂ ಕೇಳಿರಲಿಲ್ಲ.

"ಏನು?" ಅಂದಳು ಅವ್ವ.

"ಹೆಸ್ರು ಕಣೆ. ಪ್ರಕಾಶ. ನಮ್ ಇಂಜಿನಿಯರ್ ಸಾಹೇಬ್ರ ಮಗಂಗೆ ಅದೇ ಹೆಸ್ರು. ಇವ್ನೂ ಆಫೀಸರ್ ಆಯ್ತಾನೆ. ತಿಪ್ಪ ಅನ್ನೋ ಆಫೀಸರ್ನ ಎಲ್ಲಾದ್ರೂ ಕಂಡಿದ್ದೀಯಾ ನೀನು?"

ನಾನು ಅಲ್ಲೇ ಇದ್ದೆ. ಅಪ್ಪ ನನ್ನ ಮುಖ ನೋಡಿ ಸ್ವಲ್ಪ ಪೆಚ್ಚಾದ. "ನೀನು ಬುಡು, ನಿಂದು ಆಗೋಯ್ತು," ಅಂದ.

"ಆಫೀಸರ್ ಆಮೇಲ್ ಆಗ್ಲಿ. ಮೊದ್ಲು ಉಳ್ಕಳ್ಳಿ," ಅಂದಳು ಅವ್ವ.

ಎರಡು ದಿನ ಜಗಳ. ಕೊನೆಗೆ ಪುಟ್ಟಕ್ಕ ರಾಜಿ ಮಾಡಿಸಿದಳು: ಸ್ಕೂಲಿಗೆ ಪ್ರಕಾಶ, ಮನೆಗೆ ಬೇರೆ ಏನಾದರೂ, ಆದರೆ ತಿಪ್ಪೆಯ ಶಾಸ್ತ್ರ ಮಾತ್ರ ಆಗಲೇಬೇಕು. ಅಪ್ಪ, "ಏನಾದ್ರೂ ಮಾಡ್ಕಳಿ, ನನ್ ಕೋಟಿನ್ ಮುಂದೆ ಮಾಡ್ಬೇಡಿ," ಅಂತ ಹೊರಗೆ ಹೋದ.

ಶಾಸ್ತ್ರಕ್ಕೆ ತಿಪ್ಪೆ ಎಲ್ಲಿ? ಇದನ್ನು ನಾನು ಮರೆಯೋದಿಲ್ಲ. ಒಬ್ಬಳು ಹಸಿ ಬಾಣಂತಿ, ಒಬ್ಬಳು ವಿಧವೆ, ಯಾವ ಚರ್ಚಾಕೂಟದಲ್ಲೂ ಕೇಳದಷ್ಟು ಗಂಭೀರವಾಗಿ, ಯಾವುದು ತಿಪ್ಪೆ ಯಾವುದು ಅಲ್ಲ ಅಂತ ವಾದ ಮಾಡಿದರು.

"ಸಾರಕ್ಕಿ ಕಡೆ ಇನ್ನೂ ಅವೆ ಕಣಕ್ಕ, ಅಲ್ಲಿಗೆ ಹೋಗಾಣ," ಅಂದಳು ಅವ್ವ.

"ಬ್ಯಾರೆ ಊರಿನ್ ತಿಪ್ಪೆಗೆ ಹಾಕಿದ್ರೆ ಆ ಊರಿನ್ ದೇವ್ರು ಕೇಳ್ತದೆ, ನಮ್ದು ಅಂತ. ಬ್ಯಾಡ."

"ನಿನ್ ಎಮ್ಮೆ ಸಗಣಿ ಒಂದು ಬುಟ್ಟಿ ಹಿತ್ಲಲ್ಲಿ ಸುರಿದ್ರೆ?"

"ನಾವೇ ಸುರಿದ್ರೆ ಅದು ಸಗಣಿ ಕಣೆ, ತಿಪ್ಪೆ ಅಲ್ಲ. ತಿಪ್ಪೆ ಅಂದ್ರೆ ಎಲ್ಲಾರೂ ಬ್ಯಾಡ ಅಂದಿದ್ದು ಸೇರಿರ್ಬೇಕು."

ಆಮೇಲೆ ಪುಟ್ಟಕ್ಕನೇ ಹೇಳಿದಳು. ಎಕ್ಸ್‌ಟೆನ್ಶನ್ನಿನ ಹೊಸ ರಸ್ತೆಯ ಮೂಲೆಯಲ್ಲಿ ಕಸಕ್ಕೆ ಅಂತ ಸಿಮೆಂಟಿನ ದುಂಡು ತೊಟ್ಟಿ ಇಟ್ಟಿದ್ದರಲ್ಲ, ಹೊಸ ಮನೆಯವರೆಲ್ಲ ಅದಕ್ಕೇ ಹಾಕುತ್ತಾರಲ್ಲ, ಎಲ್ಲರೂ ಬೇಡ ಅಂದದ್ದು ಅಲ್ಲೇ ತಾನೇ ಸೇರೋದು? ಅವ್ವ ನನ್ನ ಕಡೆ ತಿರುಗಿದಳು. "ಏನ್ಲಾ, ಓದೋನು ನೀನು. ಆಯ್ತದಾ?"

"ಎರಡೂ ಸುಳ್ಳು ಅವ್ವ. ಯಾವ್ದಾದ್ರೇನು?" ಅಂದೆ.

"ಕೇಳಿದ್ದು ಅದಲ್ಲ," ಅಂದಳು. ಮತ್ತೆ ನನ್ನನ್ನು ಕೇಳಲಿಲ್ಲ.

ಬೆಳಕು ಹರಿಯೋ ಹೊತ್ತಿಗೆ ಹೋದೆವು. ಅವ್ವನ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು. ನನ್ನ ಕೈಯಲ್ಲಿ ಮೊರದ ತುಂಬಾ ತೌಡು. ಅವ್ವ ತೊಟ್ಟಿಯೊಳಗೆ ಕಸದ ಮೇಲೆ ಹಳೇ ಸೀರೆ ಹಾಸಿ, ತಮ್ಮನನ್ನು ಮಲಗಿಸಿ, ಹಿಂದೆ ತಿರುಗಿ ನೋಡದೆ ಬಂದಳು. ನೋಡಬಾರದು, ಅದು ನಿಯಮ. ಪುಟ್ಟಕ್ಕ ಆ ರಸ್ತೆಯ ತುದಿಯಿಂದ ನಡೆದು ಬರಬೇಕು. ನಾವು ಅರ್ಧ ಕಟ್ಟಿದ ಮನೆಯ ಗೋಡೆ ಹಿಂದೆ ನಿಂತೆವು. ತೊಟ್ಟಿಯಿಂದ ಕೊಳೆತ ಬಾಳೆಎಲೆಯ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಪುಟ್ಟಕ್ಕನಿಗೆ ಮಂಡಿನೋವು. ನಿಧಾನಕ್ಕೆ, ಏನೂ ಗೊತ್ತಿಲ್ಲದವಳ ಹಾಗೆ, ಬರುತ್ತಿದ್ದಳು.

ಅಷ್ಟರಲ್ಲಿ ತೊಟ್ಟಿಯ ಎದುರು ಮನೆಯ ಗೇಟು ಕಿರ್ ಅಂತು. ಆ ಮನೆಯ ಅಮ್ಮಾವ್ರು, ದೊಡ್ಡ ಕುಂಕುಮದವರು, ಗಂಡ ರಿಟೈರಾದ ಮೇಲೆ ಮನೆ ಕಟ್ಟಿಸಿಕೊಂಡು ಬಂದವರು, ಕಾಫಿಯ ಗಷ್ಟು ಮತ್ತು ತರಕಾರಿ ಸಿಪ್ಪೆ ತುಂಬಿದ ಬಕೆಟ್ಟು ಹಿಡಿದುಕೊಂಡು ಬಂದರು. ಸುರಿಯೋಕೆ ಬಗ್ಗಿದವರು ಕಿರುಚಿದರು.

"ಅಯ್ಯೋ ರಾಮ! ಮಗು! ಅಯ್ಯೋ, ಉಸಿರಾಡ್ತಿದೆ! ಏನ್ರೀ, ಬನ್ರೀ ಇಲ್ಲಿ!"

ಬಕೆಟ್ಟು ಎಸೆದು ತಮ್ಮನನ್ನು ಎತ್ತಿಕೊಂಡರು. ಪುಟ್ಟಕ್ಕ ಮಂಡಿನೋವು ಮರೆತು ಓಡಿಬಂದಳು. ಪಾಪ, ಅವಳಿಗೆ ತೋಚಿದ್ದು ಕಲಿತುಕೊಂಡ ಮಾತೇ. "ಅಯ್ಯೋ, ಯಾರೋ ಮಗ ಬಿಸಾಕವ್ರಲ್ಲಪ್ಪೋ! ನಂಗ್ ಕೊಡಿ ಅಮ್ಮಾವ್ರೇ, ನಾನ್ ಎತ್ಕಳ್ತೀನಿ!"

"ನೀನ್ಯಾರೇ? ದೂರ ನಿಂತ್ಕೋ! ನಿನಗ್ಯಾಕೆ ಕೊಡ್ಲಿ ನಾನು?" ಅಮ್ಮಾವ್ರು ಮಗುವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡರು.

"ಎತ್ಕಳಾಕೆ ಅಂತಾನೇ ಬಂದಿದ್ದು ನಾನು..."

"ಎತ್ಕೊಳ್ಳೋಕೆ ಬಂದ್ಯಾ? ಹಾಗಾದ್ರೆ ನಿನಗೆ ಮೊದಲೇ ಗೊತ್ತಿತ್ತಾ ಇಲ್ಲಿ ಮಗು ಇದೆ ಅಂತ?"

ಅವ್ವ ಗೋಡೆ ಹಿಂದಿನಿಂದ ಹೊರಗೆ ಬಂದಳು. ನಾನೂ ಬಂದೆ. ಅವ್ವ ಅಮ್ಮಾವ್ರ ಮುಂದೆ ನಿಂತು, ನನ್ನ ಕೈಯಿಂದ ಮೊರ ತೆಗೆದುಕೊಂಡು ಚಾಚಿದಳು. ಎತ್ತಿಕೊಂಡವರು ಯಾರಾದರೇನು, ತೌಡು ತೆಗೆದುಕೊಂಡರೆ ಶಾಸ್ತ್ರ ಆದಂತೆ. ಅವಳ ಲೆಕ್ಕ ಅದು.

"ತೌಡು ಅದೆ ಅಮ್ಮಾವ್ರೇ. ತಗಳಿ. ಮಗೀನ ನಂಗ್ ಕೊಡಿ."

"ತೌಡಾ? ತೌಡಿಗೆ ಮಗೂನ ಕೊಂಡ್ಕೊಳ್ತೀಯಾ? ಏನು ವ್ಯಾಪಾರ ಇದು? ಪೊಲೀಸಿನವರನ್ನ ಕರೆಸ್ತೀನಿ ನೋಡು!" ಅಮ್ಮಾವ್ರ ಕೈ ತಗುಲಿ ಮೊರ ಮಗುಚಿತು. ತೌಡೆಲ್ಲ ಹೊಸ ಜಲ್ಲಿಯ ಮೇಲೆ ಚೆಲ್ಲಿತು. "ಈ ಮಗು ಯಾರದ್ದು? ಬಾಯಿಬಿಟ್ಟು ಹೇಳು."

ಅವ್ವ ಬಗ್ಗಿ ಚೆಲ್ಲಿದ ತೌಡನ್ನು ಮೊರಕ್ಕೆ ಬಳಿಯತೊಡಗಿದಳು.

ಅಷ್ಟು ಹೊತ್ತಿಗೆ ನಾಲ್ಕು ಜನ ಸೇರಿದ್ದರು. ಹಾಲಿನವನು ಸೈಕಲ್ಲು ನಿಲ್ಲಿಸಿದ್ದ. ಅಮ್ಮಾವ್ರ ಯಜಮಾನರು ಮಫ್ಲರ್ ಸುತ್ತಿಕೊಂಡು ಬಂದು, "ಹೇಳಮ್ಮ, ಹೆದರಬೇಡ, ಯಾರ ಮಗು?" ಅಂದರು. ತಮ್ಮ ಅಳೋಕೆ ಶುರು ಮಾಡಿದ. ಹಸಿವಿನ ಅಳು. ಅವ್ವನ ರವಿಕೆ ಮುಂದೆಲ್ಲ ಒದ್ದೆಯಾಯಿತು. ಎಲ್ಲರಿಗೂ ಕಾಣಿಸಿತು. ಅವಳು ಸೆರಗು ಎಳೆದುಕೊಂಡಳು.

"ಇದು ನಿನ್ನ ಮಗುವೇ ತಾನೇ? ನಿಂದು ಅಂತ ಹೇಳು, ಕೊಡ್ತೀನಿ. ಹೇಳ್ದೇ ಹೋದ್ರೆ ಕೊಡಲ್ಲ," ಅಂದರು ಅಮ್ಮಾವ್ರು.

"ಯಾರ್ದೋ..." ಅಂದಳು ಅವ್ವ.

"ಯಾರದ್ದೋ ಆದ್ರೆ ಅನಾಥಾಲಯಕ್ಕೆ ಕೊಡ್ತೀವಿ."

ಅವ್ವ ನೆಲ ನೋಡಿದಳು. "ನಂದು."

"ಗಟ್ಟಿಯಾಗಿ ಹೇಳು. ಇವರೆಲ್ಲ ಕೇಳಲಿ."

"ನಂದು ಅಮ್ಮಾವ್ರೇ. ನನ್ ಮಗ. ನನ್ ಹೊಟ್ಟೇಲ್ ಹುಟ್ಟಿದ್ ಮಗ."

ಅಮ್ಮಾವ್ರು ಮಗುವನ್ನು ಕೊಟ್ಟರು. ಕೊಡುತ್ತಾ ಅವರೂ ಅತ್ತರು. "ಇಂಥ ಬಂಗಾರದಂಥ ಮಗೂನ ಕಸಕ್ಕೆ ಹಾಕೋಕೆ ನಿನಗೆ ಹೇಗೆ ಮನಸ್ಸು ಬಂತೇ?" ಅಂದರು. ಕೆಟ್ಟವರಲ್ಲ. ಸಂಜೆ ಒಂದು ಉಲ್ಲನ್ ಕುಲಾವಿ ಕಳಿಸಿಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದೇ ಪ್ರಶ್ನೆಗಳನ್ನೇ ಅದೇ ಕ್ರಮದಲ್ಲಿ ಕೇಳುತ್ತಿದ್ದೆ.

ಮನೆಗೆ ಬರೋ ದಾರಿಯಲ್ಲಿ ಪುಟ್ಟಕ್ಕ ಮೊರ ಹಿಡಿದುಕೊಂಡು ಮುಂದೆ ನಡೆದಳು. ಬಾಗಿಲ ಹತ್ತಿರ ಬಂದಾಗ ಯಮನ ಹೆಸರೆತ್ತದೆ ಅವ್ವ ಕೇಳಿದಳು, "ಕೇಳ್ಸಿರ್ತದಾ ಅಕ್ಕ ಅವ್ನಿಗೆ?"

"ಇಲ್ಲ ಬುಡೆ. ಅಷ್ಟೊಂದ್ ಗದ್ಲ ಇತ್ತಲ್ಲ," ಅಂದಳು ಪುಟ್ಟಕ್ಕ. ಹೊಗೆಸೊಪ್ಪು ಉಗಿದು ಒಳಗೆ ಹೋದಳು.

ಅಪ್ಪನಿಗೆ ಸುದ್ದಿ ಹಾಲಿನವನಿಂದ ಹೋಯಿತು. ಮೊದಲು ನಕ್ಕ, ಆಮೇಲೆ ಗೋಡೌನಿನಲ್ಲಿ ತನ್ನ ಮಾನ ಹೋಯಿತು ಅಂತ ಕೂಗಾಡಿದ, ಆಮೇಲೆ ಮಗುವಿನ ಕಿವಿಯಲ್ಲಿ ಮೂರು ಸಲ ಪ್ರಕಾಶ ಅಂದ. ಅವ್ವ ಬೇಡ ಅನ್ನಲಿಲ್ಲ. ಮನೆಗೆ ಅಂತ ಬೇರೆ ಹೆಸರನ್ನೂ ಇಡಲಿಲ್ಲ. ಇಡೋದರಿಂದ ಇನ್ನು ಉಪಯೋಗ ಇಲ್ಲ ಅನ್ನೋ ಹಾಗಿದ್ದಳು. ನಾನು ಮಾತ್ರ ಅವನನ್ನು ಪಕ್ಕಿ ಅಂತ ಕರೆಯುತ್ತಿದ್ದೆ. ನನ್ನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ. ಎಣ್ಣೆ, ಸಾಂಬ್ರಾಣಿ ಹೊಗೆ, ಹಾಲು ಎಲ್ಲಾ ಸೇರಿದ ವಾಸನೆ ಅವನ ನೆತ್ತಿಯಲ್ಲಿ ಇತ್ತು.

ಮಳೆ ಜೋರಾಯಿತು. ಅಗೆದ ರಸ್ತೆಗಳೆಲ್ಲಾ ಕೆಂಪು ಕೊಚ್ಚೆ. ಪಕ್ಕಿಗೆ ಭೇದಿ ಹಿಡಿಯಿತು. ಅವ್ವ ಬಜೆ ತೇಯ್ದು ನೆಕ್ಕಿಸಿದಳು. ಪುಟ್ಟಕ್ಕ ಬಂದು ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದಳು. ಮೂರನೇ ದಿನ ಕಣ್ಣು ಒಳಗೆ ಹೋಯಿತು. ಅಪ್ಪ ಕೋಟಿನ ಕೆಳಗೆ ಮುಚ್ಚಿಕೊಂಡು ಆಸ್ಪತ್ರೆಗೆ ಓಡಿದ, ನಾವು ಹಿಂದೆ. ಡಾಕ್ಟರು ಬೆರಳಿನಿಂದ ಹೊಟ್ಟೆಯ ಚರ್ಮ ಎತ್ತಿ ಬಿಟ್ಟರು. ಎತ್ತಿದ್ದು ಹಾಗೇ ನಿಂತಿತು.

"ಬಜೆ ಯಾವ ನೀರಲ್ಲಿ ತೇಯ್ದ್ರಿ?" ಅಂತ ಕೇಳಿದರು.

ಅಪ್ಪ, "ಗೋಡೌನ್ ತೊಟ್ಟಿ ನೀರು ಸಾರ್," ಅಂದ.

"ಕಾಯಿಸಿದ್ರಾ?"

ಅಪ್ಪ ಅವ್ವನ ಮುಖ ನೋಡಿದ. ಮಗು ಅವತ್ತು ಮಧ್ಯಾಹ್ನವೇ ಹೋಯಿತು.

ಕೆರೆಯ ಆಚೆ, ಅಣ್ಣಂದಿರನ್ನು ಇಟ್ಟ ಕಡೆಯೇ ಇಟ್ಟೆವು. ಹೆಂಗಸರು ಅಲ್ಲಿಗೆ ಬರೋ ಪದ್ಧತಿ ಇಲ್ಲ, ಅವ್ವ ಬಂದಳು, ಅವಳ ಹಿಂದೆ ಪುಟ್ಟಕ್ಕನೂ. ಕಸದ ತೊಟ್ಟಿಯಿಂದ ತಂದ ದಿನದಿಂದ ಮಗುವನ್ನು 'ಇದು', 'ಅದು' ಅಂತಿದ್ದವಳು, ಮಣ್ಣು ಹಾಕೋ ಹೊತ್ತಿಗೆ ಬಾಯಿ ಬಿಟ್ಟಳು. "ನನ್ ಮಗ! ನನ್ ಮಗ ಕಣ್ರಪ್ಪೋ! ನಂದು!" ಗಂಟಲು ಹರಿಯೋ ಹಾಗೆ ಕೂಗಿದಳು. ಪುಟ್ಟಕ್ಕ ಅವಳ ಬಾಯಿ ಮುಚ್ಚೋಕೆ ಹೋದಳು. "ಹಂಗನ್ಬ್ಯಾಡ ಕಣೆ ಗೌರಿ, ಅನ್ಬ್ಯಾಡ."

"ಇನ್ನೇನ್ ಕಿತ್ಕಂಡಾನು ಅಕ್ಕ? ಅನ್ಕಳ್ಳಾಕೆ ಬುಡು ನಂಗೆ," ಅಂದಳು ಅವ್ವ.

ಕೆಲವು ದಿನ ಕಳೆದ ಮೇಲೆ ನಾನು ಅವಳ ಹತ್ತಿರ ಹೋಗಿ ಕೂತೆ. ನನಗೆ ಕಾರಣ ಸಿಕ್ಕಿತ್ತು. ಕಾಯಿಸದ ನೀರು ಅಂತ ಆಮೇಲೆ ಡಾಕ್ಟರೇ ಹೇಳಿದ್ದರು. ಅದನ್ನು ಅವಳಿಗೆ ಕೊಟ್ಟರೆ ಅವಳ ಮೇಲಿನ ಭಾರ ಇಳಿಯುತ್ತೆ ಅಂತ ನಂಬಿದ್ದೆ. ಹತ್ತು ವರ್ಷದವನ ನಂಬಿಕೆ, ಆದರೆ ಅದರಲ್ಲಿ ತಪ್ಪೇನು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

"ಅವ್ವ, ಪಕ್ಕಿ ಸತ್ತಿದ್ದು ನೀರಿಂದ. ನೀನು ಹೇಳಿದ್ ಮಾತಿಂದ ಅಲ್ಲ."

"ನೀನೂ ಅದೇ ನೀರ್ ಕುಡ್ದೆ."

"ನಾನು ದೊಡ್ಡೋನು, ತಡ್ಕಂಡೆ."

"ನೀನು ಅಷ್ಟಿದ್ದಾಗ ಬಾವಿ ಬತ್ತೋಗಿತ್ತು, ಕೆರೆ ನೀರಲ್ಲೇ ಬಜೆ ತೇಯ್ತಿದ್ದೆ. ಎಮ್ಮೆ ಬಿದ್ದು ಹೊರಳಾಡೋ ನೀರು."

"ಆಚೆ ಬೀದಿ ಗುಂಡ? ಅವ್ನನ್ನೂ ತಿಪ್ಪೇಲಿ ಹಾಕಿದ್ರು. ಅವ್ನೂ ಸತ್ನಲ್ಲ?"

"ಅವ್ನಿಗೆ ಅರ್ಧ ಮೊರ ತೌಡು ಕೊಟ್ಟಿದ್ರು."

ಮೇಷ್ಟ್ರು ಹೇಳಿದ ಹಾಗೆ ಗಟ್ಟಿಯಾದ ಮಾತನ್ನೇ ಎತ್ತಿಕೊಂಡೆ. "ಹಾಗಾದ್ರೆ ಪಕ್ಕೀನ ಪುಟ್ಟಕ್ಕನೇ ಎತ್ತಿ, ನೀನು ತೌಡು ಕೊಟ್ಟಿದ್ರೆ ಉಳೀತಿದ್ದ ಅನ್ನೋಕೆ ಸಾಕ್ಷಿ ಏನು?"

ಅವ್ವ ನನ್ನನ್ನು ನೋಡಿದಳು. ತಲೆಯಿಂದ ಕಾಲಿನವರೆಗೆ ನೋಡಿದಳು.

"ನೀನು," ಅಂದಳು.

ಆಮೇಲೆ ನಾನು ಹೈಸ್ಕೂಲಿನಲ್ಲಿ, ಕಾಲೇಜಿನಲ್ಲಿ ನೂರು ವೇದಿಕೆ ಹತ್ತಿದ್ದೇನೆ. ಒಂದು ಉದಾಹರಣೆಯಿಂದ ನಿಯಮ ಮಾಡಬಾರದು ಅನ್ನೋದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಚೆನ್ನಾಗಿ ವಿವರಿಸಬಲ್ಲೆ. ಆದರೆ ಅವ್ವನ ಮನೆಯಲ್ಲಿ ಆ ಒಂದು ಉದಾಹರಣೆ ದಿನಾ ಎದ್ದು, ಹಲ್ಲುಜ್ಜಿ, ಮುದ್ದೆ ಉಂಡು ಓಡಾಡುತ್ತೆ. ನಾನು ಉಸಿರಾಡಿಕೊಂಡು ಅವಳ ಎದುರಿಗೆ ನಿಂತಿರೋವರೆಗೂ ನನ್ನ ವಾದ ಗೆಲ್ಲೋದಿಲ್ಲ. ಹೆಸರು ಬದಲಾಯಿಸಿಕೋ, ಮುಂದೆ ವಕೀಲಿಕೆಗೆ ಒಳ್ಳೆಯದು ಅಂತ ಕಾಲೇಜಿನ ಗೆಳೆಯರು ಹೇಳಿದರು. ಈ ಹೆಸರಿಗೆ ಯಾವ ಶಕ್ತಿಯೂ ಇಲ್ಲ ಅಂತ ನನಗೆ ಖಂಡಿತ ಗೊತ್ತು. ಆದರೂ ಬದಲಾಯಿಸಲಿಲ್ಲ. ಬದಲಾಯಿಸಿದರೆ ಆ ದಿನದಿಂದ ಅವಳು ನಿದ್ದೆ ಮಾಡೋದಿಲ್ಲ.

ಹೋದದ್ದನ್ನು ಲೆಕ್ಕ ಹಾಕಬೇಕಲ್ಲ, ಇಂಥ ಬರಹದ ಕೊನೆಗೆ. ಹೊಲ ಹೋಯಿತು, ಬಾವಿ ಹೋಯಿತು. ಕೆರೆಯ ಆಚೆ ನನ್ನ ಅಣ್ಣಂದಿರೂ ತಮ್ಮನೂ ಇದ್ದ ಕಡೆ ಈಗ ಸೈಟು ಗುರುತಿನ ಕಲ್ಲು ನೆಟ್ಟಿದ್ದಾರೆ, ಯಾರ ಸೈಟೋ. ಪುಟ್ಟಕ್ಕನ ಎಮ್ಮೆಗಳನ್ನು ಊರಾಚೆಗೆ ಓಡಿಸಿದರು, ಅವಳೂ ಹೆಚ್ಚು ದಿನ ಉಳಿಯಲಿಲ್ಲ. ಇವೆಲ್ಲಾ ಎಲ್ಲರಿಗೂ ಹೋಗಿದೆ. ನನಗೆ ಮಾತ್ರ ಹೋದದ್ದು ಒಂದಿದೆ. ಆ ಮಳೆಗಾಲದಿಂದ ಈಚೆಗೆ ಅವ್ವ ನನ್ನನ್ನು 'ಮಗಾ' ಅಂದಿಲ್ಲ. ಇವರು ಯಾರು ಅಂತ ಯಾರಾದರೂ ಕೇಳಿದರೆ ಅವಳು ಬೇರೆ ಕಡೆ ನೋಡುತ್ತಾಳೆ. ಮೊದಮೊದಲು ಜನ ನಕ್ಕರು. ಈಗ ತಲೆ ಸರಿಯಿಲ್ಲ ಅನ್ನುತ್ತಾರೆ. ತಲೆ ಸರಿಯಾಗೇ ಇದೆ.

ಹೋದ ತಿಂಗಳು ಅವಳಿಗೆ ವಿಷಮಜ್ವರ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಪಕ್ಕದಲ್ಲಿ ಕೂತಿದ್ದೆ. ಜ್ವರ ಏರಿ, ಅಪ್ಪನನ್ನೂ ಗುರುತು ಹಿಡಿಯದ ದಿನ, ಕೇರಳದ ಕಡೆಯ ಒಬ್ಬ ನರ್ಸಮ್ಮ ಥರ್ಮಾಮೀಟರ್ ಇಡುತ್ತಾ ನನ್ನನ್ನು ತೋರಿಸಿ ಕೇಳಿದರು.

"ಅಮ್ಮಾ, ಇವರು ನಿಮ್ಮ ಮಗನಾ? ರಾತ್ರಿ ಹಗಲು ಇಲ್ಲೇ ಇರ್ತಾರೆ."

ಅವ್ವ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಅಪ್ಪನ ಗುರುತು ಸಿಗದಷ್ಟು ಜ್ವರದಲ್ಲೂ ಅವಳಿಗೆ ನನ್ನ ಗುರುತು ಸಿಕ್ಕಿತು. ಅದು ಹೇಗೆ ಗೊತ್ತಾಯಿತು ಅಂದರೆ, ಅವಳಿಗೆ ಹೆದರಿಕೆ ಆಯಿತು.

"ಅಲ್ಲ ಕಣವ್ವಾ," ಅಂದಳು. "ಯಾರೋ ಏನೋ. ಪಾಪ, ತಿಪ್ಪೆ ಮೇಲಿನ್ ಹುಡ್ಗ."

ನರ್ಸಮ್ಮ ನನ್ನ ಮುಖ ನೋಡಿದರು. ನಾನು ಹೌದು ಅನ್ನೋ ಹಾಗೆ ತಲೆ ಆಡಿಸಿದೆ. ಎದುರು ಪಕ್ಷದ ಮಾತು ಒಪ್ಪಿಕೊಂಡದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಅವ್ವ ಉಳಿದಳು, ಮನೆಗೆ ಬಂದಳು, ಮುದ್ದೆ ತೊಳಸುತ್ತಾಳೆ. 'ನನ್ ಮಗ' ಅಂತ ಅವಳು ಬಾಯಿ ತುಂಬಾ ಅಂದದ್ದನ್ನು ನಾನು ಕೇಳಿರೋದು ಎರಡು ಸಲ, ಎರಡೂ ಪಕ್ಕಿಗೆ. ನನಗೆ ಅಂತ ಅವಳು ಆ ಮಾತು ಆಡೋದಿದ್ದರೆ ಅದು ನನ್ನ ಮೇಲೆ ಮಣ್ಣು ಹಾಕೋ ಹೊತ್ತಿಗೆ. ಅವಳೇ ಮೊದಲು ಹೋದರೆ ಅದೂ ಇಲ್ಲ.